ಮರಿಯ ಹಣೆಗೆ ಹೇರ್ ಡೈ

ಶನಿವಾರವೋ ಭಾನುವಾರವೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಯಲ್ಲದಕೆರೆಯ ಸೋದರಮಾವನ ತೋಟದಲ್ಲಿ ತಾಯಿಕುರಿ ತನ್ನ ಮರಿಯನ್ನೇ ಮೂಸಿ, ಗುಮ್ಮಿ ಕೆಡವಿದ್ದನ್ನು ಕಣ್ಣಾರೆ ಕಂಡೆ. ಅಪ್ಪಟ ಕರಿ ನಾಟಿ ಕುರಿ ನೋಡಲು ಪೇಟೆಯವರು ಬರುತ್ತಾರೆಂದು ಮಾವ ಮರಿಯ ಹಣೆಯ ಬಿಳಿ ಮಚ್ಚೆಗೆ ಹೇರ್ ಡೈ ಬಳಿದಿದ್ದರು.

"ನಿಮ್ಮ ತಲೆಗೆ ಹಚ್ಕಂಡು ಮಿಕ್ಕಿದ್ದಾ ಇದು? ವಾಸ್ನೆಗೆ ಅದರವ್ವನೇ ಹತ್ರ ಸೇರಿಸ್ತಿಲ್ಲ" ಎಂದರು ಅತ್ತೆ.

"ಬರೋರು ಬಣ್ಣ ನೋಡ್ತಾರೆ ಕಣೇ, ಮೂಸಿ ನೋಡಲ್ಲ" ಎಂದರು ಮಾವ, ಕುರಿ ಕಾಯುವ ಮನೆಯಲ್ಲೇ ಹುಟ್ಟಿದವರು.

ಬಂದವರು ಕುರಿಗಳತ್ತ ತಿರುಗಿಯೂ ನೋಡದೆ, ತೋಟದ ಹೊಂಡದಲ್ಲಿದ್ದ ಬಾತುಕೋಳಿಗಳ ಫೋಟೊ ತೆಗೆದುಕೊಂಡು ಹೋದರು. ಅತ್ತೆ ಮರಿಯ ಹಣೆಯನ್ನು ಸೋಪು ಹಾಕಿ ತೊಳೆದರೂ ತಾಯಿ ಹಾಲು ಕೊಡಲಿಲ್ಲ. ಮೇಕೆ ಹಾಲಿನ ಬಾಟಲಿಯನ್ನೂ ಮರಿ ಸರಿಯಾಗಿ ಚೀಪುತ್ತಿಲ್ಲ.

"ತಳಿ ಉಳಿಸ್ತೀನಿ ಅಂತೀರಲ್ಲ ಮಾವ, ಈ ಮರಿ ಉಳೀತೈತಾ?" ಎಂದು ಕೇಳಿದ್ದೇನೆ.