ಉರಿಯದ ಕಲ್ಲು

ಮಾರ್ಸೆಲೆ ಯುರ್ಕುನಾಸ್ ದಿನಕ್ಕೆ ನಾಲ್ಕು ಸಲ ನೆಲಮಾಳಿಗೆಯ ಹದಿಮೂರು ಮೆಟ್ಟಿಲು ಇಳಿಯುತ್ತಿದ್ದಳು. ಇಳಿಯುವಾಗ ಖಾಲಿ ಬಕೆಟ್ಟು, ಹತ್ತುವಾಗ ಬೂದಿಯ ಬಕೆಟ್ಟು. ಮದುವೆಯಾಗಿ ಈ ಮನೆಗೆ ಬಂದ ಇಪ್ಪತ್ತಾರು ವರ್ಷವೂ ಹೀಗೆಯೇ. ಪೆನ್ಸಿಲ್ವೇನಿಯಾದ ಆ ಗಣಿಬೆಟ್ಟದಲ್ಲಿ ಕಲ್ಲಿದ್ದಲು ಅಗೆಯುವುದು ಗಂಡಸರ ಕೆಲಸವಾಗಿತ್ತು, ಉರಿಸುವುದು ಹೆಂಗಸರದು. ಆದರೆ ಇದ್ದಲಿನ ವಿಷಯ ಬಲ್ಲವರು ಯಾರೆಂದು ಕೇಳಿದರೆ ಬೀದಿಗೆ ಬೀದಿಯೇ ಗಂಡಸರ ಕಡೆ ಬೆರಳು ತೋರಿಸುತ್ತಿತ್ತು.

ಅವಳ ಗಂಡ ಕಾಜಿಸ್ ಈಗ ಅಗೆಯುವುದನ್ನು ಬಿಟ್ಟು ಐದು ವರ್ಷವಾಗಿತ್ತು. ಗಣಿಯ ಧೂಳು ಅವನ ಎದೆಗೂಡಿನಲ್ಲಿ ಮನೆ ಮಾಡಿತ್ತು. ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲಬೇಕು. ಬಿಸಿಗಾಳಿ ಮೇಲೆ ಬರಲೆಂದು ಕೋಣೆಯ ನೆಲದಲ್ಲಿ ಕೂರಿಸಿದ ಕಬ್ಬಿಣದ ಜಾಲರಿಯ ಪಕ್ಕದಲ್ಲೇ ಅವನ ಕುರ್ಚಿ. ಅಲ್ಲಿಂದಲೇ ಅವನು ನೆಲಮಾಳಿಗೆಯಲ್ಲಿ ಮನೆಯನ್ನೆಲ್ಲ ಕಾಯಿಸುವ ಕುಲುಮೆಗೆ ಯಜಮಾನಿಕೆ ನಡೆಸುತ್ತಿದ್ದ.

"ಸಾಕು!" ಜಾಲರಿಯೊಳಗಿಂದ ಅವನ ದನಿ ಇಳಿದು ಬರುತ್ತಿತ್ತು. "ಸಾಕು ಅಂದ್ರೆ ಸಾಕು! ಇನ್ನೂ ಅಲ್ಲಾಡಿಸಿದ್ರೆ ಕೆಂಡವೆಲ್ಲ ಬೂದಿ ಪಾಲು."

"ನನಗೆ ಕಣ್ಣಿದೆ, ಕಾಜಿ."

"ನಿನಗೆ ಕಣ್ಣಿದೆ, ಕಿವಿ ಇಲ್ಲ. ಸರಳಿನ ಸದ್ದು ಕೇಳು."

ಕುಲುಮೆಯ ತಳದ ಸರಳುಗಳನ್ನು ಹಿಡಿ ಹಾಕಿ ಅಲ್ಲಾಡಿಸಬೇಕು. ಬೂದಿ ಉದುರಿ, ಮೊದಲ ಕೆಂಪು ಕಿಡಿ ಕೆಳಗೆ ಬಿದ್ದ ಕ್ಷಣ ಕೈ ನಿಲ್ಲಬೇಕು. ಆಮೇಲೆ ಹೊಸ ಇದ್ದಲು ಸುರಿಯಬೇಕು, ಒಂದು ಮೂಲೆಯ ಕೆಂಡವನ್ನು ಮಾತ್ರ ಮುಚ್ಚದೆ ಬಿಟ್ಟು. ಅದರ ಮೇಲೆ ನೀಲಿ ಜ್ವಾಲೆ ಎದ್ದು ಕುಣಿಯುವವರೆಗೆ ಕಾಯಬೇಕು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಬೆಂಕಿಯನ್ನು ಮೇಲಿನಿಂದ ಕೆದಕಕೂಡದು. ಆ ಊರಿನ ಗಟ್ಟಿ ಇದ್ದಲಿಗೆ ಮೇಲಿನಿಂದ ಸರಳು ಚುಚ್ಚಿದರೆ ಅದು ಮುನಿಸಿಕೊಂಡು ಸಾಯುತ್ತದೆ. ಹೆಣ್ಣುಮಕ್ಕಳು ಜಡೆ ಹೆಣೆಯುವುದನ್ನು ಕಲಿಯುವ ಮೊದಲೇ ಇದನ್ನು ಕಲಿತಿರುತ್ತಿದ್ದರು.

ಇಷ್ಟೆಲ್ಲ ಬಲ್ಲ ಮಾರ್ಸೆಲೆಯ ಬೆಂಕಿ ಸಾವಿರದ ಒಂಬೈನೂರ ಐವತ್ತನಾಲ್ಕರ ಜನವರಿಯಲ್ಲಿ ಎರಡು ವಾರದೊಳಗೆ ಮೂರು ಸಲ ಆರಿಹೋಯಿತು.

ಆರಿದ ಕುಲುಮೆಯನ್ನು ಮತ್ತೆ ಹೊತ್ತಿಸಿ ಮನೆ ಬೆಚ್ಚಗಾಗಲು ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನ ಕಾಜಿಸ್ ಎರಡು ಕಂಬಳಿಯೊಳಗೆ ಮುದುಡಿ ಕೆಮ್ಮುತ್ತಿದ್ದ. ತಣ್ಣನೆಯ ಗಾಳಿ ಒಳಹೋದಾಗಲೆಲ್ಲ ಅವನ ತುಟಿ ನೀಲಿಯಾಗುತ್ತಿತ್ತು. ಇನ್ನೊಂದು ಸಲ ಹೀಗೆ ಶೀತ ಹಿಡಿದರೆ ತಾನೇನೂ ಮಾಡಲಾರೆ ಎಂದು ವೈದ್ಯರು ಟೋಪಿ ಕೈಯಲ್ಲಿ ಹಿಡಿದು ಹೇಳಿ ಹೋಗಿದ್ದರು.

ಬೆಂಕಿ ಆರಿದ್ದನ್ನು ಮುಚ್ಚಿಡಲೂ ಆಗದು. ಛಾವಣಿಯ ಮೇಲೆ ಚಿಮಣಿಯ ಸುತ್ತ ಹಿಮ ಕರಗಿದ್ದರೆ ಒಲೆ ಜೀವಂತ, ಕರಗದೆ ಕೂತಿದ್ದರೆ ಇಲ್ಲ. ಪಕ್ಕದ ಮನೆಯ ನೋರಾ ಬಟ್ಟೆ ಒಣಹಾಕುತ್ತಾ ಕತ್ತೆತ್ತಿ ನೋಡಿದಳು.

"ಏನೇ ಮಾರ್ಸೆಲೆ, ನಿನ್ನ ಚಿಮಣಿ ಮತ್ತೆ ಬಿಳಿ ಟೋಪಿ ಹಾಕ್ಕೊಂಡಿದೆ?"

"ನಿನ್ನ ಬಟ್ಟೆ ನೋಡ್ಕೋ ನೋರಾ, ಬೂದಿ ಬೀಳ್ತಿದೆ," ಎಂದು ಮಾರ್ಸೆಲೆ ಒಳಗೆ ಬಂದಳು. ಕೆನ್ನೆ ಉರಿಯುತ್ತಿತ್ತು. ಒಳಗೆ ಕಾಜಿಸ್ ಉಸಿರು ಎಳೆಯುತ್ತಾ, "ನಿನ್ನ ಕೈ ಭಾರ ಆಗಿದೆ ಕಣೇ, ವಯಸ್ಸಾಯ್ತು," ಎಂದ. ಇರಬಹುದೇನೋ ಎಂದುಕೊಂಡು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆ ನೋಟವೇ ಆಮೇಲೆ ಅವಳನ್ನು ಹೆಚ್ಚು ಕೆರಳಿಸಿದ್ದು.

ಏಕೆಂದರೆ ಮರುದಿನ ಕಾಲು ಜಾರದಿರಲೆಂದು ಅಂಗಳದ ಮಂಜುಗಡ್ಡೆಯ ಮೇಲೆ ಬೂದಿ ಚೆಲ್ಲುವಾಗ ಬಕೆಟ್ಟಿನಿಂದ ಬೂದಿಯ ಜೊತೆ ಚಪ್ಪಟೆ ಕಲ್ಲುಗಳು ಧಡಧಡ ಬಿದ್ದವು. ಸ್ಲೇಟುಕಲ್ಲು. ಬೆಂಕಿಯಲ್ಲಿ ಮಿಂದು ಬಂದರೂ ಒಂದು ಅಂಚೂ ಸುಡದ ಕಲ್ಲು. ಒಂದೆರಡು ಯಾವಾಗಲೂ ಇರುತ್ತವೆ. ಇವು ಬೊಗಸೆಗಟ್ಟಲೆ ಇದ್ದವು. ಅವಳು ಬಗ್ಗಿ ಅವನ್ನೆಲ್ಲ ಆರಿಸಿದಳು. ನೆಲಮಾಳಿಗೆಗೆ ಇಳಿದು ಡಿಪೋದಿಂದ ಹೊಸದಾಗಿ ಬಂದಿದ್ದ ಇದ್ದಲಿನ ರಾಶಿಯಿಂದ ಒಂದು ಬಕೆಟ್ಟು ತುಂಬಿ ತಂದು, ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಹಾಸಿ, ಗಂಡನ ಮುಂದೆ ಸುರಿದಳು.

"ನೋಡು."

ಕಾಜಿಸ್ ನೋಡಲಿಲ್ಲ. ಕಣ್ಣು ಮುಚ್ಚಿದ. ಒಂಬತ್ತನೇ ವಯಸ್ಸಿನಲ್ಲಿ ಅವನನ್ನು ಇದ್ದಲು ಒಡೆಯುವ ಕಟ್ಟಡದಲ್ಲಿ ಹಲಗೆಯ ಮೇಲೆ ಕೂರಿಸಿದ್ದರು. ಕಾಲುಗಳ ನಡುವೆ ಇದ್ದಲು ಹೊಳೆಯಾಗಿ ಹರಿಯುತ್ತಿತ್ತು. ಕಪ್ಪು ಧೂಳಿನಲ್ಲಿ ಏನೂ ಕಾಣದು, ಬೆರಳಿನಿಂದಲೇ ಕಲ್ಲು ಆರಿಸಬೇಕು. ಒಂದು ಕಲ್ಲು ತಪ್ಪಿ ಹೋದರೆ ಹಿಂದೆ ನಿಂತವನ ಕೋಲು ಬೆನ್ನಿಗೆ ಬೀಳುತ್ತಿತ್ತು. ಈಗ ಐವತ್ತಾರು ವಯಸ್ಸಿನ ಆ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಓಡಾಡತೊಡಗಿದವು. ಇದ್ದಲು ಎಡಕ್ಕೆ, ಕಲ್ಲು ಬಲಕ್ಕೆ. ಬಲಗಡೆಯ ಗುಡ್ಡೆ ಬೆಳೆಯುತ್ತಲೇ ಹೋಯಿತು.

"ಮೂರರಲ್ಲಿ ಒಂದು ಪಾಲು," ಎಂದ ಕೊನೆಗೆ. "ಇದು ತಪ್ಪಿ ಬಂದಿದ್ದಲ್ಲ, ಮಾರ್ಸೆ. ಬೆರೆಸಿದ್ದು." ಕೆಮ್ಮು ಬಂತು. ಅದು ಇಳಿಯುವವರೆಗೆ ಅವಳು ಅವನ ಬೆನ್ನು ಹಿಡಿದು ನಿಂತಳು. ಬೇರೆಯವರ ಮನೆಯ ಒಲೆಗೆ ಒಂದು ಕಲ್ಲೂ ಹೋಗಬಾರದೆಂದು ಪೆಟ್ಟು ತಿಂದ ಬೆನ್ನು ಅದು.

"ನಿನ್ನ ಕೈ ಅಂದೆ ನಾನು," ಎಂದ ಅವನು.

"ಅಂದೆ," ಎಂದಳು. ಕಲ್ಲುಗಳನ್ನೆಲ್ಲ ಬಕೆಟ್ಟಿಗೆ ತುಂಬಿ, ಬಕೆಟ್ಟನ್ನು ಹಿಮದ ಮೇಲೆ ಎಳೆಯುವ ಜಾರುಬಂಡಿಗೆ ಕಟ್ಟಿ ಹೊರಟಳು.

ಇದ್ದಲು ಡಿಪೋದ ಯಜಮಾನ ಗ್ವಿಲಿಮ್ ಪ್ರೋಸರ್ ಪ್ರಾರ್ಥನಾಮಂದಿರದಲ್ಲಿ ಮೊದಲ ಸಾಲಿನಲ್ಲಿ ಕೂರುವವ. ಅವನ ಆಫೀಸಿನಲ್ಲಿ ಪುಟ್ಟ ಕಬ್ಬಿಣದ ಒಲೆ ಕೆಂಪಗೆ ಉರಿಯುತ್ತಿತ್ತು. ಬೆಂಚಿನ ಮೇಲೆ ಮೂವರು ಹೆಂಗಸರು ಸರದಿ ಕಾಯುತ್ತಿದ್ದರು. ಅವರಲ್ಲಿ ನೋರಾಳೂ ಒಬ್ಬಳು.

"ಮಿಸೆಸ್ ಯುರ್ಕುನಾಸ್, ಎಲ್ಲಾ ಇದ್ದಲಲ್ಲೂ ಸ್ವಲ್ಪ ಕಲ್ಲು ಇದ್ದೇ ಇರುತ್ತೆ," ಎಂದ ಪ್ರೋಸರ್, ಬಕೆಟ್ಟಿನ ಕಡೆ ನೋಡದೆ.

"ಒಂದು ಬಕೆಟ್ಟಿಗೆ ಮೂರರಲ್ಲೊಂದು ಪಾಲು. ಅದು ಸ್ವಲ್ಪವೇ?"

"ಅದನ್ನ ಯಾರು ಹೇಳಿದ್ದು?"

"ನನ್ನ ಗಂಡ. ಬೆರಳಲ್ಲಿ ಆರಿಸಿ ಹೇಳಿದ."

"ಹಾಗಾದ್ರೆ ಅವರೇ ಬಂದು ಹೇಳ್ಲಿ. ಗಂಡಸರ ಹತ್ರ ಮಾತಾಡೋದು ಸುಲಭ." ಅವನು ನಕ್ಕ. "ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ. ಕೆಲವರಿಗೆ ಬೆಂಕಿ ಕಾಯೋದು ಒಲಿಯೋದಿಲ್ಲ."

ಬರಬೇಕಂತೆ, ಹತ್ತು ಹೆಜ್ಜೆ ನಡೆಯಲಾರದವನು ಈ ಏರು ಹತ್ತಿ ಬರಬೇಕಂತೆ! ಮಾರ್ಸೆಲೆ ಒಲೆಯ ಬಾಗಿಲು ತೆರೆದಳು. ಬಕೆಟ್ಟು ಎತ್ತಿ, ಕಲ್ಲನ್ನೆಲ್ಲ ಅವನ ಕೆಂಡದ ಮೇಲೆ ಸುರಿದು, ಬಾಗಿಲು ಮುಚ್ಚಿದಳು.

"ನಿಮಗೆ ಒಲಿಯುತ್ತೇನೋ, ಉರಿಸಿ. ಬೆಚ್ಚಗಾಗೋವರೆಗೆ ಇಲ್ಲೇ ಕೂತಿರ್ತೀನಿ," ಎಂದು ಬೆಂಚಿನ ಮೇಲೆ ಕೂತಳು.

ಒಳಗೆ ಕಲ್ಲುಗಳು ಟಪ್ ಟಪ್ ಎಂದು ಸಿಡಿದವು. ಒಲೆಯ ಕೆಂಪು ಮಸುಕಾಯಿತು. ಪ್ರೋಸರ್ ಮುಖ ಕೆಂಪಾಗಿಸಿಕೊಂಡು ಎದ್ದು, ಮೂಲೆಯ ಸರಳು ಕಿತ್ತುಕೊಂಡು, ಬಾಗಿಲು ತೆರೆದು, ಬೆಂಕಿಯನ್ನು ಮೇಲಿನಿಂದ ಕೆದಕತೊಡಗಿದ.

ನೋರಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವರೇ, ಮೇಲಿಂದ ಕೆದಕ್ತಿದ್ದಾನೆ! ಇದ್ದಲು ಮಾರೋನು!"

"ಮನೇಲಿ ಹೆಂಡತಿ ಬೆಂಕಿ ಕಾಯ್ತಾಳೆ, ಇವನು ಮೈ ಕಾಯಿಸ್ಕೋತಾನೆ," ಎಂದಳು ಇನ್ನೊಬ್ಬಳು. ನಗು ಬೆಂಚಿನುದ್ದ ಹರಡಿತು. ಒಲೆ ಹೊಗೆ ಕಾರಿ ಸತ್ತಿತು. ಯಾರೂ ಏಳಲಿಲ್ಲ. ನೋರಾ ತನ್ನ ಶಾಲನ್ನು ಬಿಗಿಯಾಗಿ ಸುತ್ತಿಕೊಂಡು ಮಾರ್ಸೆಲೆಯ ಮಗ್ಗುಲಿಗೆ ಸರಿದಳು. "ನನ್ನ ಬೂದಿಯಲ್ಲೂ ಕಲ್ಲಿದೆ ಕಣೇ," ಎಂದಳು ತಗ್ಗಿದ ದನಿಯಲ್ಲಿ. "ನನ್ನ ಕೈಯೇ ಕೆಟ್ಟಿತು ಅಂದ್ಕೊಂಡಿದ್ದೆ. ನಾಚಿಕೆಯಿಂದ ಹೇಳಿರಲಿಲ್ಲ."

ಕಿಟಕಿಯ ಗಾಜಿನ ಒಳಬದಿಗೆ ಹಿಮದ ಹೂ ಹತ್ತುವ ಹೊತ್ತಿಗೆ ಪ್ರೋಸರ್ ಕೋಟಿನ ಕಾಲರು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಲಾರಿಯವನನ್ನು ಕೂಗಿದ. ತಪ್ಪಾಯಿತು ಎಂಬ ಒಂದು ಮಾತೂ ಅವನ ಬಾಯಿಂದ ಹೊರಡಲಿಲ್ಲ. "ಇವರಿಗೆಲ್ಲ ಆ ಕಡೆ ರಾಶಿಯಿಂದ ಹಾಕು," ಎಂದನಷ್ಟೆ. ಆ ಕಡೆಯೂ ಒಂದು ರಾಶಿ ಇತ್ತೆಂದಾಯಿತು. ಅದು ಇಷ್ಟು ದಿನ ಯಾವ ಬೀದಿಗೆ ಹೋಗುತ್ತಿತ್ತೋ ಎಂದು ಮಾರ್ಸೆಲೆ ದಾರಿಯುದ್ದಕ್ಕೂ ಖಾಲಿ ಬಂಡಿ ಎಳೆಯುತ್ತಾ ಕುದಿದಳು.

ಮಧ್ಯಾಹ್ನ ಲಾರಿ ಬಂತು. ನೆಲಮಾಳಿಗೆಯ ಕಿಟಕಿಗೆ ತಗಡಿನ ಜಾರುದಾರಿ ಇಟ್ಟು ಇದ್ದಲು ಸುರಿದರು. ಕಾಜಿಸ್ ಕುರ್ಚಿಯಲ್ಲಿ ಮುಂದೆ ಬಾಗಿ ಜಾಲರಿಗೆ ಕಿವಿ ಕೊಟ್ಟ. ಗಾಜು ಒಡೆದಂತೆ ಗಲಗಲ ಸದ್ದು.

"ಶುದ್ಧ," ಎಂದ.

ಸಂಜೆ ಅವಳು ಹದಿಮೂರು ಮೆಟ್ಟಿಲು ಇಳಿದು ಸರಳಿಗೆ ಹಿಡಿ ಹಾಕಿದಳು. ಅಲ್ಲಾಡಿಸಿದಳು. ಮೇಲಿನಿಂದ ಬರಬೇಕಾದ ಕೂಗು ಬರಲಿಲ್ಲ. ಅವನ ಉಸಿರಿನ ಸದ್ದು ಮಾತ್ರ ಜಾಲರಿಯಿಂದ ಇಳಿಯುತ್ತಿತ್ತು. ಕೊನೆಗೆ ಮೆಲ್ಲಗೆ, "ಮಾರ್ಸೆ, ಸಾಕಾ?"

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನು ಕೇಳಿದ್ದು. ಅವಳಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಇನ್ನೆರಡು ಸಲ," ಎಂದಳು. ಎರಡು ಸಲ ಅಲ್ಲಾಡಿಸಿದಳು. ಮೊದಲ ಕೆಂಪು ಕಿಡಿ ಬೂದಿಗೆ ಬಿತ್ತು. ಅವಳ ಕೈ ನಿಂತಿತು.