ತೆಗೆದ ಕೈಯೇ ಹೊದಿಸಬೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೈದ್ಯಕೀಯ ಕಾಲೇಜಿನ ಹಿಂದಿನ ಗೇಟಿನಲ್ಲಿ ಟ್ಯಾಕ್ಸಿ ನಿಲ್ಲಿಸಿದ ಗಂಡ, ಇಳಿಯುತ್ತಿರುವ ಹೆಂಡತಿಯನ್ನು ಎಂದಿನಂತೆ ಕೆಣಕುತ್ತಾನೆ.

"ಇವತ್ತು ಯಾವ ಕಾಯಿಲೆ?"

"ಅಪೆಂಡಿಕ್ಸು."

"ಹೋದ ವಾರ ತಾನೇ ಅದೇ ಇತ್ತು?"

"ಮತ್ತೆ ಬೆಳೆದಿದೆ. ಗಾಡಿ ತೆಗೀರಿ, ಹಿಂದೆ ಹಾರ್ನ್ ಹೊಡೀತಿದಾರೆ."

ಇವತ್ತು ಅಂತಿಮ ವರ್ಷದ ವಿದ್ಯಾರ್ಥಿಗಳ ಪರೀಕ್ಷೆ. ತರಬೇತಿ ಕೋಣೆಯ ದೀಪ ಹಾಕಿದ ಅವರು ಬ್ಯಾಗನ್ನು ಕಪಾಟಿನಲ್ಲಿಡದೆ ಬಾಗಿಲ ಪಕ್ಕದಲ್ಲೇ ಇಡುತ್ತಾರೆ. ಆಮೇಲೆ ನಾಲ್ಕನೇ ಮಂಚದ ಹೊದಿಕೆಯನ್ನು ಕೊಡವುತ್ತಾರೆ. ಅಕ್ಕಪಕ್ಕದ ಮಂಚಗಳಲ್ಲಿ ರಬ್ಬರಿನ ಬೊಂಬೆಗಳು ಬಾಯಿ ತೆರೆದುಕೊಂಡು ಮಲಗಿವೆ. ಗುಂಡಿ ಒತ್ತಿದರೆ ಅವುಗಳ ಎದೆ ಏರಿಳಿಯುತ್ತದೆ, ನಾಡಿ ಮಿಡಿಯುತ್ತದೆ. ಸೂಜಿ ಚುಚ್ಚುವುದನ್ನು ವಿದ್ಯಾರ್ಥಿಗಳು ಅವುಗಳ ಮೇಲೆ ಕಲಿಯುತ್ತಾರೆ. ರೋಗಿಯನ್ನು ಮಾತಾಡಿಸುವುದನ್ನು, ಮುಟ್ಟಿ ನೋಡುವುದನ್ನು ಕಲಿಯಲು ಇವರ ಬಳಿ ಬರುತ್ತಾರೆ. ರೋಗವಿಲ್ಲದ ರೋಗಿ ಇವರು. ಎಲ್ಲರ ಬಾಯಲ್ಲೂ 'ನಾಲ್ಕನೇ ಮಂಚದ ಅಕ್ಕ'.

ಮೊದಲು ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು. ಆ ಕೆಲಸ ಗುತ್ತಿಗೆಗೆ ಹೋದಾಗ ಹೆಂಗಸರನ್ನೆಲ್ಲ ಒಂದೇ ಮಾತಿನಲ್ಲಿ ಮನೆಗೆ ಕಳಿಸಿದರು. ರೋಗಿಗಳಾಗಿ ನಟಿಸಲು ಜನ ಬೇಕಂತೆ ಎಂದು ತಿಳಿದು ಬಂದರೆ, ಸಂದರ್ಶನದಲ್ಲಿ ನರಳಿ ತೋರಿಸಿ ಅಂದರು. "ಕೆಳಗೆ ಅಷ್ಟು ವರ್ಷ ನರಳಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಅವತ್ತು ಐದು ಜನ ಕುರ್ಚಿ ಹಾಕ್ಕೊಂಡು ಕೇಳಿದ್ರು," ಅನ್ನುತ್ತಾರೆ ಅಕ್ಕ.

ಪರೀಕ್ಷೆಯ ದಿನ ಗಂಟೆ ಬಾರಿಸಿದಾಗಲೆಲ್ಲ ವಿದ್ಯಾರ್ಥಿಗಳ ಸಾಲು ಒಂದೊಂದು ಮಂಚ ಮುಂದೆ ಸರಿಯುತ್ತದೆ. ನಲವತ್ತು ಜನರ ಕೈ ಒಂದೇ ಹೊಟ್ಟೆಯ ಮೇಲೆ ಓಡಾಡುತ್ತದೆ. ತಣ್ಣಗಿನ ಕೈ, ನಡುಗುವ ಕೈ, ಉಗುರು ಕತ್ತರಿಸದ ಕೈ. ಎಲ್ಲರಿಗೂ ಅದೇ ಜಾಗದಲ್ಲಿ ಅಷ್ಟೇ ನೋವು ತೋರಿಸಬೇಕು. ಒಬ್ಬರಿಗೆ ಹೆಚ್ಚು ನರಳಿದರೆ ಇನ್ನೊಬ್ಬರಿಗೆ ಅನ್ಯಾಯ. ಸಂಜೆಯ ಹೊತ್ತಿಗೆ ಹೊಟ್ಟೆ ನಿಜಕ್ಕೂ ನೋಯುತ್ತದೆ. ಆಗ ಕೇಳಲು ಡಾಕ್ಟರುಗಳು ಯಾರೂ ಉಳಿದಿರುವುದಿಲ್ಲ.

ಅಕ್ಕನದು ಒಂದೇ ಹಟ. ಹೊದಿಕೆ ತೆಗೆದವರೇ ಅದನ್ನು ಮತ್ತೆ ಹೊದಿಸಬೇಕು. ಹೊದಿಸುವ ತನಕ ಮುಂದಿನವರ ಜೊತೆ ಮಾತಿಲ್ಲ. ಹೋದ ಪರೀಕ್ಷೆಯಲ್ಲಿ ಇದರಿಂದ ಇಡೀ ಸಾಲು ನಿಂತುಹೋಗಿತ್ತು. ನಿನ್ನೆ ವಿಭಾಗದ ಮುಖ್ಯಸ್ಥೆ ಕರೆದು ಖಡಾಖಂಡಿತವಾಗಿ ಹೇಳಿದ್ದಾರೆ: "ನಾಳೆ ಸಾಲು ನಿಂತ್ರೆ ಆ ಮಂಚಕ್ಕೆ ಹೊಸ ಬೊಂಬೆ ಬರತ್ತೆ. ಅದು ಮಾತೂ ಆಡತ್ತೆ, ಹಟ ಮಾಡಲ್ಲ."

ಹಟ ಎಲ್ಲಿಂದ ಬಂತು? ಅಕ್ಕನ ತಂಗಿಯ ಎದೆಯಲ್ಲಿ ಗಡ್ಡೆ ಇತ್ತು. ದೊಡ್ಡ ಡಾಕ್ಟರು ವಿದ್ಯಾರ್ಥಿಗಳ ಹಿಂಡಿನೊಂದಿಗೆ ಬಂದರು, ಹೊದಿಕೆ ಎಳೆದರು, ತಮ್ಮತಮ್ಮಲ್ಲೇ ಮಾತಾಡಿಕೊಂಡರು, ಮುಂದಿನ ಮಂಚಕ್ಕೆ ಹೋದರು. "ಒಂದು ಕೈಗೆ ಡ್ರಿಪ್ಪು, ಇನ್ನೊಂದು ಕೈ ಎತ್ತೋಕಾಗ್ತಿರಲಿಲ್ಲ. ವಾರ್ಡಿಗೆ ವಾರ್ಡೇ ನೋಡ್ತಿತ್ತು. ಆ ಹೊದಿಕೆ ಒಗೆದವಳು ನಾನೇ, ಕೆಳಗಿದ್ದೆ. ಮನೆಗೆ ಕಳಿಸೋವಾಗ ಮುಂದಿನ ತಿಂಗಳು ಬನ್ನಿ ಅಂದಿದ್ರಂತೆ. ಅವಳು ಹೋಗ್ಲೇ ಇಲ್ಲ. ಗಡ್ಡೆಯಿಂದ ಸತ್ತಳು ಅಂತ ಬರೆದ್ರು. ನಾನು ಒಪ್ಪಲ್ಲ."

ಪರೀಕ್ಷೆಯಲ್ಲಿ ಗಡ್ಡೆಯ ಅಳತೆ ಹೇಳಿದರೆ ಅಂಕವಿದೆ, ಹೊದಿಸಿದರೆ ಇಲ್ಲ. ಅಂಕವಿಲ್ಲದ್ದು ಗಂಟೆ ಬಾರಿಸಿದ ಕೂಡಲೇ ಮರೆತುಹೋಗುತ್ತದೆ. ಹೀಗೆ ಮರೆಯುವುದನ್ನು ನಾವೇ ಕಲಿಸಿ, ಪದವಿಯನ್ನೂ ಕೊಟ್ಟು, ವಾರ್ಡುಗಳಿಗೆ ಬಿಡುತ್ತೇವೆ.

ಮಧ್ಯಾಹ್ನದ ಹೊತ್ತಿಗೆ ಎತ್ತರದ ಹುಡುಗನೊಬ್ಬ ಬರುತ್ತಾನೆ. ನೋವಿನ ಜಾಗ ಸರಿಯಾಗಿ ಹಿಡಿಯುತ್ತಾನೆ. ಪರೀಕ್ಷಕರು ತಲೆದೂಗುತ್ತಾರೆ. ಗಂಟೆ ಬಾರಿಸುತ್ತದೆ, ಹುಡುಗ ಓಡುತ್ತಾನೆ. ಹೊದಿಕೆ ಅಕ್ಕನ ಮೊಣಕಾಲ ಬಳಿ ಮುದ್ದೆಯಾಗಿ ಬಿದ್ದಿದೆ, ಹೊಟ್ಟೆ ಬತ್ತಲಾಗಿದೆ.

ಮುಂದಿನ ಹುಡುಗಿ ಬಂದು ತನ್ನ ಪರಿಚಯ ಹೇಳುತ್ತಾಳೆ. ಅಕ್ಕ ಚಾವಣಿ ನೋಡುತ್ತಿದ್ದಾರೆ. ಹುಡುಗಿ ಹೊದಿಕೆಗೆ ಕೈ ಹಾಕುತ್ತಾಳೆ.

"ನೀನಲ್ಲಮ್ಮ. ತೆಗೆದ ಕೈಯೇ ಹೊದಿಸ್ಬೇಕು."

"ಹೊತ್ತಾಗ್ತಿದೆ," ಪರೀಕ್ಷಕರು ಗದರುತ್ತಾರೆ. "ನೀವೇ ಎಳ್ಕೊಳ್ಳಿ, ಕೈ ಇದೆಯಲ್ಲ."

"ನಂಗಿದೆ ಸಾರ್. ಎಲ್ಲಾ ರೋಗಿಗಳಿಗೂ ಇರಲ್ಲ."

ಸಾಲು ನಿಲ್ಲುತ್ತದೆ. ಮುಖ್ಯಸ್ಥೆ ದಾಪುಗಾಲು ಹಾಕಿ ಬರುತ್ತಾರೆ. "ನಿನ್ನೆ ಹೇಳಿದ್ದು ನೆನಪಿದೆಯಾ?"

"ಇದೆ ಮೇಡಂ. ಬ್ಯಾಗು ಬಾಗಿಲ ಹತ್ರಾನೇ ಇಟ್ಟಿದೀನಿ."

ಅಷ್ಟರಲ್ಲಿ ಐದನೇ ಮಂಚದ ಪರದೆ ಸರಿಸಿಕೊಂಡು ಎತ್ತರದ ಹುಡುಗ ಹಿಂದಿರುಗುತ್ತಾನೆ. ಕಿವಿ ಕೆಂಪಾಗಿದೆ.

"ಅಕ್ಕ, ಹೊದಿಸ್ಲಾ?"

"ಹೊದಿಸಪ್ಪ."

ಕುತ್ತಿಗೆಯವರೆಗೆ ಹೊದಿಸಿ ಹೊರಟವನು, ಪಾದಗಳು ಹೊರಗಿರುವುದನ್ನು ಕಂಡು ನಿಂತು, ಅವನ್ನೂ ಮುಚ್ಚಿ ಹೋಗುತ್ತಾನೆ. ಅಕ್ಕ ಕಾಯುತ್ತಿದ್ದ ಹುಡುಗಿಯ ಕಡೆ ಹೊರಳಿ ಮುಖ ಕಿವುಚುತ್ತಾರೆ. "ಹೊಟ್ಟೆನೋವು ಡಾಕ್ಟ್ರೇ, ಬೆಳಗ್ಗೆಯಿಂದ."

ಆಮೇಲೆ ಬಂದವರೆಲ್ಲ ಹೊದಿಸಿಯೇ ಹೋಗುತ್ತಾರೆ. ಆದರೂ ಸಂಜೆ ಮುಖ್ಯಸ್ಥೆ ಮಾತು ಬದಲಿಸುವುದಿಲ್ಲ. ಬೊಂಬೆ ತರಿಸುತ್ತಾರಂತೆ.

ಗೇಟಿನಲ್ಲಿ ಟ್ಯಾಕ್ಸಿ ಕಾಯುತ್ತಿದೆ. ವಿಷಯ ಕೇಳಿದ ಗಂಡ ಚಾಲೂ ಮಾಡಿದ ಗಾಡಿಯನ್ನು ಮತ್ತೆ ಆಫ್ ಮಾಡುತ್ತಾನೆ.

"ಹಾಗಾದ್ರೆ ನಾಳೆ?"

"ನಾಳೆ ಇದೇ ಹೊತ್ತಿಗೆ ತಂದು ಬಿಡಿ. ಬೇಡ ಅನ್ನೋರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೇಳ್ಲಿ." ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ಕಿಟಕಿಯಾಚೆ ನೋಡುತ್ತಾರೆ. "ಬೊಂಬೆಗೆ ನಾಡಿ ಇದೆ, ಉಸಿರಿದೆ, ಮಾತೂ ಇದೆಯಂತೆ. ನಾಚಿಕೆ ಇಲ್ಲ. ನಂಗಿದೆ. ನಾನು ಸಂಬಳ ತಗೊಳ್ಳೋದು ಅದಕ್ಕೇ."