ಮಸರಕಲ್ ಎಂದು ಬರೆದಿದ್ದ ಫೋಲ್ಡರ್

ಆ ಡಬ್ಬಿ ನನ್ನ ಕೈಗೆ ಬಂದದ್ದು ಮಂಗಳವಾರ ಎಂದು ಬಹಳ ದಿನ ನಂಬಿದ್ದೆ. ಬುಧವಾರ ಇರಬೇಕು. ಮಂಗಳವಾರ ದೇವದುರ್ಗದ ಕಾಲೇಜಿನಲ್ಲಿ ನನಗೆ ಸಂಜೆಯವರೆಗೂ ಪಾಠ ಇರುತ್ತಿತ್ತು, ಮಧ್ಯಾಹ್ನ ರಾಯಚೂರಿನಲ್ಲಿ ಇರಲು ಸಾಧ್ಯವೇ ಇಲ್ಲ. ಇಷ್ಟು ಸಣ್ಣದರಲ್ಲೇ ತಪ್ಪುವವನ ಮುಂದಿನ ಮಾತನ್ನು ಯಾಕೆ ನಂಬಬೇಕು ಎಂದು ನೀವು ಕೇಳಬಹುದು. ಇದನ್ನು ಹೇಳಲು ಬೇರೆ ಯಾರೂ ಇಲ್ಲ, ಅಷ್ಟೇ.

ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಪಾಠ ಇಲ್ಲದ ದಿನ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರದ ಗೆಳೆಯನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುತ್ತೇನೆ. ಮುಂದಿನ ಟೇಬಲ್ಲಿನಲ್ಲಿ ಅವನು ಫೋನು ಬಿಚ್ಚುತ್ತಾನೆ, ಹಿಂದಿನ ಬೆಂಚಿನಲ್ಲಿ ನಾನು ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲು ಬಿಚ್ಚುತ್ತೇನೆ; ಗಿರಾಕಿಗಳ ಬಾಯಲ್ಲಿ ಅದು ಡಬ್ಬಿ. ಕನ್ಸೋಲ್ ತನ್ನ ಕಂಪನಿ ಒಪ್ಪಿದ ಪ್ರೋಗ್ರಾಮನ್ನು ಮಾತ್ರ ಓಡಿಸುತ್ತದೆ. ಅದರೊಳಗೆ ಉಗುರಿನಷ್ಟು ಅಗಲದ ಇನ್ನೊಂದು ಚಿಪ್ಪನ್ನು ಕೂದಲಿನಂಥ ತಂತಿಗಳಿಂದ ಬೆಸೆದರೆ, ಯಂತ್ರ ಎಚ್ಚರಗೊಳ್ಳುವ ಹೊತ್ತಿಗೆ ಅದು ಒಂದು ಕ್ಷಣ ಗಲಿಬಿಲಿ ಮಾಡಿ ನಮ್ಮ ಪ್ರೋಗ್ರಾಮನ್ನು ಒಳಗೆ ಬಿಡುತ್ತದೆ. ಅದೇ ಮಾಡ್‌ಚಿಪ್. ಆ ಚಿಪ್ಪಿಗೆ ಏನು ಮಾಡಬೇಕೆಂದು ಹೇಳಿಕೊಡುವ ಫರ್ಮ್‌ವೇರನ್ನು ಬರೆಯುವುದಕ್ಕೆ ಅಂಗಡಿಗಳಲ್ಲಿ ಫ್ಲ್ಯಾಷ್ ಹೊಡೆಯುವುದು ಎನ್ನುತ್ತಾರೆ. ಹೆಚ್ಚಿನವರು ಪುಕ್ಕಟೆ ಆಟಕ್ಕಾಗಿ ಹಾಕಿಸುತ್ತಾರೆ. ದೇವದುರ್ಗದ ದಾರಿಯಲ್ಲಿರುವ ಮಸರಕಲ್ ಹಳ್ಳಿಯ ಒಬ್ಬ ಹಾಕಿಸಿದ್ದು ಅದಕ್ಕಲ್ಲ.

ಅವನು ಕುರಿಗಾರರ ಮನೆಯವನು. ಮೇವು ಹೇರಿದ ಟ್ರೈಲರಿನ ಮೇಲಿಂದ ಬಿದ್ದು ಕುತ್ತಿಗೆ ಮುರಿದಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಬಿಟ್ಟರೆ ಬೇರೇನೂ ಅವನ ಮಾತು ಕೇಳುತ್ತಿರಲಿಲ್ಲ. ಹೈದರಾಬಾದಿನಿಂದ ಯಾರೋ ತಂದುಕೊಟ್ಟ ಹಳೆಯ ಕನ್ಸೋಲನ್ನು ಆ ಎರಡು ಬೆರಳಿನಿಂದ ಆಡುವಂತೆ ಮಾಡಿಕೊಡಲು ಸಾಧ್ಯವೇ ಎಂದು ಫೋನಿನಲ್ಲಿ ಕೇಳಿದ್ದ. ಕಂಪನಿಯ ಪ್ರೋಗ್ರಾಮಿನಲ್ಲಿ ಸಾಧ್ಯವಿರಲಿಲ್ಲ. ಚಿಪ್ ಹಾಕಿ, ಎಲ್ಲ ಗುಂಡಿಗಳ ಕೆಲಸವನ್ನು ಎರಡು ಗುಂಡಿಗೆ ಇಳಿಸಿ, ನಾನೇ ಅವನ ಮನೆಗೆ ಹೋಗಿ ಕೊಟ್ಟುಬಂದೆ. ಆಮೇಲೆ ದೇವದುರ್ಗದಿಂದ ಬರುವಾಗ ಆಗಾಗ ಇಳಿಯುತ್ತಿದ್ದೆ.

ಅವನು ಆಡುತ್ತಿದ್ದದ್ದು ಒಂದೇ ಆಟ. ಚೌಕ ಚೌಕದ ಕಲ್ಲು, ಮಣ್ಣು ಜೋಡಿಸಿ ಏನು ಬೇಕಾದರೂ ಕಟ್ಟಬಹುದಾದ ಆಟ. ಅದರಲ್ಲಿ ಅವನು ಮಸರಕಲ್ ಕಟ್ಟುತ್ತಿದ್ದ. ತಾನು ಬಿದ್ದ ದಿನದ ಮಸರಕಲ್. ಹನುಮಪ್ಪನ ಗುಡಿ, ಹುಣಸೆಮರ, ಮೆಟ್ಟಿಲಿನ ಬಾವಿ, ಕುರಿ ಕೂಡುವ ದೊಡ್ಡಿ, ಪ್ರತಿ ಮನೆಯ ಕಟ್ಟೆ. ಒಂದು ಕಲ್ಲು ಇಡಲು ಅವನಿಗೆ ಎಷ್ಟು ಹೊತ್ತು ಬೇಕು ಎಂದು ನಾನು ಕಂಡಿದ್ದೆ. ಊರು ಮುಗಿಯಲು ಎರಡು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ತೋರಿಸಿದ ಮೊದಲ ದಿನವೇ ನಾನು ತಕರಾರು ತೆಗೆದೆ. ಪರದೆಯಲ್ಲಿ ಗುಡಿಯ ಹಿಂದಿನ ಸಂದಿ ಎಡಕ್ಕೆ ತಿರುಗುತ್ತಿತ್ತು.

"ಈ ಸಂದಿ ಇಲ್ಲಿ ತಿರುಗೂದಿಲ್ಲಲ್ಲ," ಎಂದೆ.

"ತಿರುಗ್ತದ್ರಿ ಮಾಸ್ತರ. ಗುಡಿ ಹಿಂದ ಮೂರು ಮನಿ ದಾಟಿದ ಮ್ಯಾಲ ಎಡಕ್ಕ ಹೊಳ್ಳತದ."

"ನಾ ಈಗ ಅದೇ ಹಾದೀಲೆ ನಡಕೋತ ಬಂದೀನಿ. ನೆಟ್ಟಗ ಅದ."

"ನೀವು ಫೋನ್ ನೋಡಕೋತ ಬಂದೀರಿ. ಸಂದಿ ಎಲ್ಲಿ ನೋಡೀರಿ?"

ಅವನ ತಾಯಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದವರು ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಕಾಲೇಜಿನವರ ಚಟದಂತೆ ಪಾಠ ಶುರು ಮಾಡಿದೆ. ಮನುಷ್ಯ ಒಂದು ಸಂಗತಿಯನ್ನು ನೆನೆಸಿಕೊಂಡಾಗಲೆಲ್ಲ ಅದನ್ನು ಹೊಸದಾಗಿ ಬರೆಯುತ್ತಾನೆ, ಹಳೆಯದು ಅಳಿಯುತ್ತದೆ, ಆದ್ದರಿಂದ ನೆನಪು ಎಂಬುದು ಪುರಾವೆಯಲ್ಲ ಎಂದೆಲ್ಲ ಹೇಳಿದೆ.

"ಹಂಗಾರ ಈ ಪಾಠಾನೂ ನೀವು ನೆನಪಿನಾಗಿಂದ ಹೇಳಾಕತ್ತೀರಿ, ಇದೂ ಸುಳ್ಳೇನ್ರಿ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದಿತ್ತು ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ.

ಈ ಬೇಸಿಗೆಯಲ್ಲಿ ಪರದೆಯ ಮೇಲೆ ಅಪ್‌ಡೇಟ್ ಎಂಬ ಸೂಚನೆ ಬಂದಿದೆ, ಬೆರಳು ಜಾರಿ ಅವನು ಹೂಂ ಎಂದಿದ್ದಾನೆ. ಹಳೆಯ ಫರ್ಮ್‌ವೇರಿಗೆ ಹೊಸ ಅಪ್‌ಡೇಟ್ ಹೊಂದದೆ ಕನ್ಸೋಲ್ ಕಪ್ಪಾಗಿ ನಿಂತಿತು. ಅವನ ಅಣ್ಣ ಅದನ್ನು ಟವೆಲಿನಲ್ಲಿ ಸುತ್ತಿ ಬಸ್ ಕಂಡಕ್ಟರನ ಕೈಗೆ ಕೊಟ್ಟು ಕಳಿಸಿದ. ಬೆನ್ನಿಗೇ ತಮ್ಮನೇ ಫೋನ್ ಮಾಡಿದ.

"ಮಾಸ್ತರ, ಡಬ್ಬಿ ಹೋದ್ರ ಹೋಗಲಿ. ಊರು ಉಳಸ್ರಿ."

ಉಳಿಸುವುದು ಕಷ್ಟದ ಕೆಲಸವಲ್ಲ. ಮೊದಲು ಕನ್ಸೋಲಿನ ಒಳಗಿನ ಮೆಮೊರಿಯನ್ನು ಪೂರ್ತಿ ಓದಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು. ಇದಕ್ಕೆ ಡಂಪ್ ಎನ್ನುತ್ತೇವೆ. ಎರಡು ಸಲ ಓದಿ ಎರಡೂ ಒಂದೇ ಇವೆಯೇ ಎಂದು ತಾಳೆ ನೋಡಿ ಒಂದನ್ನು ಉಳಿಸಿಕೊಳ್ಳಬೇಕು. ಆಮೇಲೆ ಚಿಪ್ಪಿಗೆ ಹೊಸ ಫರ್ಮ್‌ವೇರ್ ಬರೆದು, ಕೆಟ್ಟುಹೋದ ಮೆಮೊರಿಯನ್ನು ಅಳಿಸಿ ಹೊಸದಾಗಿ ಸಿದ್ಧ ಮಾಡಿ, ಡಂಪಿನಲ್ಲಿರುವ ಆಟವನ್ನು ವಾಪಸ್ ತುಂಬಬೇಕು. ನಾನು ಎರಡು ಸಲ ಓದಿದೆ. ತಾಳೆ ನೋಡಿದೆ. ಇದು ಮಾತ್ರ ನಿಜ, ಯಾಕೆಂದರೆ ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರದಲ್ಲೇ ಇದೆ.

ನಮ್ಮ ಅಂಗಡಿಯಲ್ಲಿ ಒಂದು ರೂಢಿ. ಗಿರಾಕಿಯ ಹೆಸರು ಬರೆಯುವುದಿಲ್ಲ, ಊರು ಬರೆಯುತ್ತೇವೆ. ಡಬ್ಬಿ ತರುವವನು ಡಬ್ಬಿಯ ಯಜಮಾನ ಆಗಿರುವುದೇ ಕಡಿಮೆ. ಕಂಡಕ್ಟರ್ ತರುತ್ತಾನೆ, ಸಂತೆಗೆ ಬಂದವರು ತರುತ್ತಾರೆ, ಹೆಸರು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬಿಳಿ ಟೇಪಿನ ಮೇಲೆ ಗಿಲ್ಲೆಸುಗೂರು ಎಂದೋ ಚೀಕಲಪರ್ವಿ ಎಂದೋ ಬರೆದು ಅಂಟಿಸುತ್ತೇವೆ. ಮನುಷ್ಯರನ್ನು ಕರೆಯುವುದೂ ಹಾಗೆಯೇ: "ಏ ಚೀಕಲಪರ್ವಿ, ನಿಂದು ಆಗ್ಯಾದ ನೋಡು." ಕಂಪ್ಯೂಟರಿನ ಫೋಲ್ಡರಿಗೂ ಅದೇ ಹೆಸರು. ಒಂದು ವಾರದಲ್ಲಿ ಒಂದು ಹಳ್ಳಿಯಿಂದ ಎರಡು ಕನ್ಸೋಲ್ ಎಂದೂ ಬಂದಿರಲಿಲ್ಲ.

ಆ ವಾರ ಬಂದವು. ಎರಡನೆಯದು ಮಸರಕಲ್‌ನ ಒಬ್ಬ ಟ್ರ್ಯಾಕ್ಟರ್ ಮಾಲೀಕನದು. ಹೊಸದಾಗಿ ಚಿಪ್ ಹಾಕಿಸಲು ಬಂದದ್ದು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚಿಪ್ ಹಾಕುವ ಮೊದಲು ಅದರ ಡಂಪನ್ನೂ ತೆಗೆದೆ. ಮಸರಕಲ್ ಎಂಬ ಫೋಲ್ಡರ್ ತೆರೆದಿತ್ತು. ಅಲ್ಲಿ ಅದೇ ಹೆಸರಿನ ಫೈಲು ಈಗಾಗಲೇ ಇದೆ, ಅದರ ಜಾಗದಲ್ಲಿ ಇದನ್ನು ಇಡಲೇ ಎಂದು ಕಂಪ್ಯೂಟರ್ ಕೇಳಿರಬೇಕು. ಕೇಳದೆ ಅದು ಮಾಡುವುದಿಲ್ಲ. ನಾನು ಹೂಂ ಎಂದಿರಬೇಕು. ಆ ಪ್ರಶ್ನೆ ನನ್ನ ಕಣ್ಣಮುಂದೆ ಬಂದದ್ದು ನನಗೆ ಎಷ್ಟು ಜಗ್ಗಿದರೂ ನೆನಪಾಗುತ್ತಿಲ್ಲ.

ಮರುದಿನ ಮೊದಲನೆಯ ಕನ್ಸೋಲಿನ ಚಿಪ್ಪಿಗೆ ಫ್ಲ್ಯಾಷ್ ಹೊಡೆದೆ. ಚಿಪ್ ಸರಿಯಾದ ಗುರುತಿನ ಹಸಿರು ದೀಪ ಹತ್ತಿತು. ಮೆಮೊರಿ ಅಳಿಸಿದೆ. ಡಂಪಿನಿಂದ ಆಟ ತುಂಬಲು ಹೋದರೆ ಒಪ್ಪಲಿಲ್ಲ. ಪ್ರತಿ ಕನ್ಸೋಲಿನ ಮೆಮೊರಿಗೂ ಅದರದೇ ಬೀಗ ಇರುತ್ತದೆ, ಒಂದರ ಡಂಪ್ ಇನ್ನೊಂದರಲ್ಲಿ ತೆರೆಯುವುದಿಲ್ಲ. ಮೂರನೇ ಸಲ ಪ್ರಯತ್ನಿಸುವಾಗ ಫೈಲಿನ ಸಮಯ ನೋಡಿದೆ. ನಿನ್ನೆಯದು ಎಂದು ತೋರಿಸುತ್ತಿತ್ತು. ಅವನ ಡಂಪ್ ತೆಗೆದದ್ದು ಅದಕ್ಕೂ ಎರಡು ದಿನ ಮೊದಲು.

ಗೆಳೆಯ ನನ್ನ ಮುಖ ನೋಡಿ ಎದ್ದು ಬಂದ. "ಏನಾಯ್ತು ಪ್ರೊಫೆಸರ್ ಸಾಬ್?"

ಹೇಳಿದೆ. ಅಳಿದ ಫೈಲು ಹುಡುಕುವ ಪ್ರೋಗ್ರಾಮನ್ನು ಅವನು ಎರಡು ದಿನ ಓಡಿಸಿದ. ಹಳೆಯ ಮದುವೆ ಫೋಟೋಗಳು ಸಿಕ್ಕವು, ಯಾರದೋ ಆಧಾರ್ ಸಿಕ್ಕಿತು. ಬೇಕಾದದ್ದು ಸಿಗಲಿಲ್ಲ.

"ಪೂರಾ ಖಲಾಸ್," ಎಂದ. "ಚಿಪ್ ಸುಟ್ಟು ಹೋತು ಅಂತ ಹೇಳಿಬಿಡು. ಅಂವಂಗೇನು ತಿಳೀತದ?"

ಆಗ ನನಗೆ ಹಳದಿ ಪೆನ್‌ಡ್ರೈವ್ ನೆನಪಾಯಿತು. ಡಂಪ್ ತೆಗೆದ ದಿನವೇ ಇನ್ನೊಂದು ಪ್ರತಿ ಇರಲಿ ಎಂದು ಅದಕ್ಕೆ ಹಾಕಿಕೊಂಡಿದ್ದೆ. ಮಾನ್ವಿಯಲ್ಲಿ ಅಕ್ಕನ ಮನೆಗೆ ಹೋದಾಗ ಅದು ಜೇಬಿನಲ್ಲಿತ್ತು. ಅವರ ಅಕ್ಕಿ ಗಿರಣಿಯ ಹೊಟ್ಟಿನ ಧೂಳು ಅದರ ಬಾಯಿಗೆ ಕೂತಿತ್ತು, ಅಂಗಿಯ ಚುಂಗಿಗೆ ಒರೆಸಿ ಟಿವಿ ಪಕ್ಕದ ಗಾಜಿನ ಬಟ್ಟಲಿನಲ್ಲಿ ಇಟ್ಟೆ. ಧೂಳಿನ ಬಣ್ಣ ಸಹ ಕಣ್ಣಿಗೆ ಕಟ್ಟಿತು. ಆ ಕ್ಷಣವೇ ಬಸ್ ಹತ್ತಿದೆ. ಮಾನ್ವಿ ಮುಟ್ಟುವವರೆಗೆ ಒಂದೂವರೆ ಗಂಟೆ ನಾನು ಸುಖವಾಗಿದ್ದೆ.

ಪೆನ್‌ಡ್ರೈವ್ ಆ ಬಟ್ಟಲಿನಲ್ಲೇ ಇತ್ತು. ಹಳದಿಯೇ. ಒರೆಸಿ ಉಳಿದ ಧೂಳೂ ಬಾಯಲ್ಲಿತ್ತು. ಭಾವನ ಕಂಪ್ಯೂಟರಿಗೆ ಹಾಕಿದೆ. ನನ್ನ ಪ್ರಶ್ನೆಪತ್ರಿಕೆಗಳು, ಒಂದು ನಾಮಕರಣದ ವಿಡಿಯೋ. ಮತ್ತೇನೂ ಇಲ್ಲ.

"ಹೋದ ವಾರ ಬಂದಾಗ ಇದರಾಗ ಒಂದು ಫೈಲ್ ಇತ್ತು. ಯಾರರ ಮುಟ್ಟ್ಯಾರೇನು?" ಎಂದು ಕೇಳಿದೆ.

ಅಕ್ಕ ಚಹಾ ಸೋಸುತ್ತಿದ್ದಳು. "ಹೋದ ವಾರ ನೀ ಎಲ್ಲಿ ಬಂದಿ? ನೀ ಬಂದದ್ದು ಯುಗಾದಿಗೆ."

"ಇಲ್ಲಬೇ ಅಕ್ಕ, ಹೋದ ವಾರ. ಇಲ್ಲೇ ಕುಂತು ಒರಸೀನಿ."

"ಯುಗಾದಿಗೆ ಒರಸಿದ್ದಿ. ಹೊಸ ಅಂಗಿಗೆ ಯಾಕ ಒರಸ್ತಿ ಅಂತ ನಾನೇ ಬೈದಿದ್ದೆ. ಎಂ.ಎಸ್ಸಿ. ಮಾಡೀದಿ, ಯಾವಾಗ ಎಲ್ಲಿದ್ದೆ ಅನ್ನೂದು ಗೊತ್ತಿಲ್ಲ ನಿನಗ." ಭಾವ ನಕ್ಕ. ನಾನೂ ನಕ್ಕೆ ಎಂದು ಕಾಣುತ್ತದೆ.

ಧೂಳು ನಿಜ, ಬಟ್ಟಲು ನಿಜ. ನಡುವೆ ನನಗೆ ಬೇಕಾದ ಒಂದು ಫೈಲನ್ನು ನನ್ನ ತಲೆಯೇ ತಂದಿಟ್ಟಿತ್ತು.

ಮರುದಿನ ಕಾಲೇಜಿಗೆ ಹೋಗಲಿಲ್ಲ. ಕನ್ಸೋಲನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು ಮಸರಕಲ್‌ನಲ್ಲಿ ಇಳಿದೆ. ಅವನು ನನ್ನನ್ನು ನೋಡುವ ಮೊದಲು ಟವೆಲ್ ನೋಡಿದ.

"ಹಸಿರು ದೀಪ ಹತ್ತತದೇನ್ರಿ?"

"ಹತ್ತತದ. ಡಬ್ಬಿ ಚೊಲೊ ಆಗ್ಯಾದ," ಎಂದೆ. "ಊರು ಹೋತು. ಚಿಪ್‌ನಿಂದಲ್ಲ. ನಾನೇ ಅಳಿಸೀನಿ." ಹೇಗೆ ಅಳಿಸಿದೆ ಎಂದೂ ಹೇಳಿದೆ, ಒಂದೇ ಊರಿನ ಎರಡು ಡಬ್ಬಿಯ ಕತೆಯನ್ನು ಪೂರ್ತಿ.

ಅವನು ಜಂತಿ ನೋಡುತ್ತ ಕೇಳಿಸಿಕೊಂಡ. "ಆ ಟ್ರ್ಯಾಕ್ಟರಿನವನ ಆಟ ಉಳೀತೇನ್ರಿ?" ಎಂದ.

"ಉಳೀತು."

"ಏನು ಆಡ್ತಾನ ಅಂವ?"

"ಕಾರು ಓಡಿಸೂದು."

ಅವನಿಗೆ ನಗು ಬಂತು. ನಗಲು ಅವನ ಎದೆಯಲ್ಲಿ ಅಷ್ಟು ಉಸಿರು ಇರಲಿಲ್ಲ, ಕೆಮ್ಮಿದ. ತಾಯಿ ಬಂದು ನೀರು ಕುಡಿಸಿದರು.

"ಮತ್ತ ಕಟ್ಟಬಹುದು," ಎಂದೆ. ಹೇಳಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡ ಮಾತು ಅದು. "ನಾ ದಿನಾ ಬರ್ತೀನಿ. ಊರಿನ ವಿಡಿಯೋ ತಕ್ಕೊಂಡು ಬರ್ತೀನಿ."

"ಅದು ಈಗಿನ ಊರ್ರಿ. ಅದನ್ನ ತಗೊಂಡು ಏನ್ ಮಾಡ್ಲಿ?" ಎಂದ. "ಕಟ್ಟುವಾಗ ನನಗ ಊರು ನೆನಪಿತ್ತು. ಕಟ್ಟಿದ ಮ್ಯಾಲ ಊರು ನೆನಸೂದು ಬಿಟ್ಟೆ. ಟಿವಿಯಾಗ ಅದ ಅಲ್ಲ, ಯಾಕ ನೆನಸಲಿ? ಈಗ ಕಣ್ಣು ಮುಚ್ಚಿದ್ರ ಟಿವಿಯಾಗಿನ ಕಲ್ಲು ಕಾಣ್ತಾವ. ಅವೂ ಬರೋಬರಿ ಕಾಣವಲ್ಲವು."

ಆಗ ಅವನ ತಾಯಿ, ನನ್ನ ಸಂಕಟ ಕಡಿಮೆ ಮಾಡುವುದಕ್ಕೋ ಏನೋ, ಹೇಳಿದರು. "ಇರಲಿ ಬಿಡಪ್ಪಾ. ಅದು ಇದ್ದಿದ್ರೂ ಹಳೇ ಊರು. ಸಿಮೆಂಟ್ ರೋಡ್ ಹಾಕುವಾಗ ಗುಡಿ ಹಿಂದಿನ ಸಂದಿ ನೆಟ್ಟಗ ಮಾಡ್ಯಾರ. ಮೊದಲ ಅಲ್ಲಿ ಹೊಳ್ಳೂದಿತ್ತು."

"ನೋಡ್ರಿ," ಎಂದ ಅವನು. ಗೆದ್ದವನ ದನಿಯಲ್ಲ ಅದು.

ನಾನು ತಲೆ ಎತ್ತಲಿಲ್ಲ. ಅವನು ಹೇಳಿದ್ದೇ ಸರಿಯಿತ್ತು. ಆ ತಿರುವು ಇದ್ದದ್ದಕ್ಕೆ ಆ ಡಬ್ಬಿ ಬಿಟ್ಟರೆ ಬೇರೆ ಗುರುತೇ ಇರಲಿಲ್ಲ.

ಹೊರಡಲು ಎದ್ದಾಗ ಅವನು ಕರೆದ. "ಮಾಸ್ತರ, ನೀವು ನೋಡೀರಿ ಅಲ್ಲ. ಬಾವಿಗೆ ಎಷ್ಟು ಮೆಟ್ಲಾ ಇಟ್ಟಿದ್ದೆ? ಡಬ್ಬಿ ಕೆಟ್ಟಾಗಿಂದ ಎಣಸಾಕತ್ತೀನಿ, ಒಮ್ಮೆ ಐದು ಬರ್ತದ, ಒಮ್ಮೆ ಒಂಬತ್ತು."

ಆ ಬಾವಿಯನ್ನು ನಾನು ಪರದೆಯ ಮೇಲೆ ನೋಡಿದ್ದೆ. ಮೆಟ್ಟಿಲು ಎಣಿಸಿರಲಿಲ್ಲ. ಎಣಿಸದ್ದನ್ನು ಹೇಳಬೇಡಿ ಎಂದು ಪ್ರತಿ ವರ್ಷ ಲ್ಯಾಬಿನಲ್ಲಿ ಹುಡುಗರಿಗೆ ಬೈಯುವವನು ನಾನು. ಅವನ ಎರಡು ಬೆರಳು ಚಾಪೆಯ ಮೇಲೆ ಅಲ್ಲಾಡುತ್ತಿದ್ದವು.

"ಏಳು," ಎಂದೆ.

"ಏಳು," ಎಂದ. ಕಣ್ಣು ಮುಚ್ಚಿದ. "ಹೌದು. ಏಳೇ ಇದ್ವು."

ತಾಯಿ ನನ್ನನ್ನೇ ನೋಡುತ್ತಿದ್ದರು. ಆ ಬಾವಿಯಿಂದ ಎಷ್ಟು ವರ್ಷ ನೀರು ಹೊತ್ತಿದ್ದರೋ. ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನು ಟವೆಲನ್ನು ಮಡಚಿ ಕನ್ಸೋಲಿನ ಮೇಲಿಟ್ಟು, ನೆಟ್ಟಗಿದ್ದ ಸಂದಿಯಲ್ಲಿ ನಡೆದು ರೋಡಿಗೆ ಬಂದೆ.